ಶಾಂತಿ ಗಿಡ ಹೊತ್ತು ಕಾರ್ಲ್ಸ್‌ರುಹೆಗೆ

ಎರ್ಲಾಂಗೆನ್‌ನಲ್ಲಿ ನಮ್ಮ ಎದುರು ಮನೆಯಾಕೆ ಕ್ಯಾಮರೂನಿನವಳು, ವೃದ್ಧಾಶ್ರಮದಲ್ಲಿ ನರ್ಸ್. ಪರಿಚಯವಾದ ಹೊಸದರಲ್ಲೇ, "ನಮ್ಮಲ್ಲಿ ದೊಡ್ಡವರನ್ನು ಹೆಸರು ಹಿಡಿದು ಕರೆಯುವುದಿಲ್ಲ, ನಿಮ್ಮಲ್ಲಿ ಏನಂತೀರಿ?" ಎಂದು ಕೇಳಿದ್ದಳು. ಅಂದಿನಿಂದ ನಾನು ಅವಳಿಗೆ ಅಕ್ಕ.

ಗಂಡ ಹೆಂಡತಿ ಇಬ್ಬರೂ ಕ್ಯಾಮರೂನಿನವರೇ, ಆದರೂ ಮನೆಯೊಳಗೆ ಮಾತಾಡುವುದು ಜರ್ಮನ್. "ಮಂಚದ ಮೇಲೂ ಆಫೀಸಿನ ಭಾಷೆಯೇನೇ?" ಎಂದು ಕಾಡಿಸಿದೆ. ನಕ್ಕು, ಚಹಾ ಸುರಿದು, ಕಥೆ ಶುರುಮಾಡಿದಳು.

"ಮೊದಲು ನಮ್ಮನ್ನು ಆಳಿದವರು ಈ ಜರ್ಮನ್ನರೇ, ಅಕ್ಕ. ಮೊದಲ ಮಹಾಯುದ್ಧದಲ್ಲಿ ಸೋತರು. ಗೆದ್ದ ಫ್ರೆಂಚರೂ ಇಂಗ್ಲಿಷರೂ ನಮ್ಮ ನೆಲವನ್ನು ರೊಟ್ಟಿಯ ಹಾಗೆ ಮುರಿದುಕೊಂಡರು. ನಮ್ಮ ಗುಡ್ಡಗಾಡಿನ ಜನ ಎರಡೂ ತುಂಡಿನಲ್ಲಿ ಉಳಿದರು. ನಾನು ಇಂಗ್ಲಿಷಿನ ಕಡೆಯವಳು, ಅವನು ಫ್ರೆಂಚಿನ ಕಡೆಯವನು. ಇಬ್ಬರಿಗೂ ಚೆನ್ನಾಗಿ ಬರುವುದು ಜರ್ಮನ್ ಒಂದೇ."

ಅಲ್ಲಿ ಗುಡ್ಡಕ್ಕೊಂದು ಭಾಷೆ, ಊರಿಗೊಬ್ಬ ಅರಸನಂತೆ. ಆಮೇಲೆ ದೇಶ ಮತ್ತೆ ಒಂದಾದರೂ ಶಾಲೆ, ಕೋರ್ಟು, ಮುನಿಸು ಎರಡೆರಡಾಗಿಯೇ ಉಳಿದವು. ನನಗೆ ಬಹಳ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮಜ್ಜಿ ನಿಜಾಮನ ಮೊಗಲಾಯಿ ಸೀಮೆಯ ರಾಯಚೂರಿನಿಂದ ಬ್ರಿಟಿಷರ ಧಾರವಾಡಕ್ಕೆ ಸೊಸೆಯಾಗಿ ಬಂದವಳು. ಅದೇ ಕನ್ನಡ, ಅದೇ ಜೋಳದ ರೊಟ್ಟಿ. ಆದರೂ ಅವಳ ಅತ್ತೆ ಸಾಯುವತನಕ "ನಮ್ಮ ಸೊಸಿ ಮೊಗಲಾಯಿಯಾಕಿ" ಎನ್ನುವುದನ್ನು ಬಿಡಲಿಲ್ಲ.

ಈಚಿನ ವರ್ಷಗಳಲ್ಲಿ ಫ್ರೆಂಚ್ ಭಾಗದವರ ಕೈಯಲ್ಲಿದ್ದ ಸರ್ಕಾರಕ್ಕೂ ಇಂಗ್ಲಿಷ್ ಭಾಗದವರಿಗೂ ಕಾದಾಟ ಶುರುವಾಗಿ ಇವಳ ತವರುಮನೆ ಸುಟ್ಟುಹೋಯಿತು. ಅದೇ ವರ್ಷ ಇವಳು ಫ್ರೆಂಚ್ ಭಾಗದವನನ್ನು ಮದುವೆಯಾದಳು. ಕಾರ್ಲ್ಸ್‌ರುಹೆಯಲ್ಲಿ ಇಂಜಿನಿಯರ್ ಆಗಿದ್ದ ಅಣ್ಣ ಅಂದೇ ಮಾತು ಬಿಟ್ಟ. ಬೆಂಕಿ ಇಟ್ಟವನು ಇವಳ ಗಂಡನೇನಲ್ಲ. ಆದರೆ ಸಿಟ್ಟಿಗೆ ಕಣ್ಣೆಲ್ಲಿದೆ, ಕೈಗೆ ಸಿಕ್ಕವರನ್ನು ಹಿಡಿಯುತ್ತದೆ.

ಕಳೆದ ಚಳಿಗಾಲದಲ್ಲಿ ಊರಲ್ಲಿ ಅವರ ತಾಯಿ ಹಾಸಿಗೆ ಹಿಡಿದಳು. ಫೋನಿನಲ್ಲಿ ಮಗಳನ್ನು ಒಂದೇ ಒಂದು ಕೇಳಿದಳಂತೆ: "ನಿಮ್ಮ ದನಿ ಒಂದೇ ಕೋಣೆಯಿಂದ ಕೇಳಬೇಕು. ಆಮೇಲೆ ದೇವರು ಕರೆದರೂ ಹೊರಟೆ." ಅಣ್ಣ ಮಾತ್ರ ತಂಗಿಯ ಫೋನನ್ನೇ ಎತ್ತುತ್ತಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಅವಳು ಕುಂಡವೊಂದನ್ನು ಎದೆಗವಚಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಉದ್ದ ಎಲೆಗಳ ಗಿಡ. ಇಲ್ಲಿನ ಆಫೀಸುಗಳ ಮೂಲೆಮೂಲೆಯಲ್ಲೂ ಧೂಳು ತಿನ್ನುತ್ತಾ ನಿಂತಿರುತ್ತದೆ. "ಬರೀ ದ್ರಾಖೆನ್‌ಬೌಮ್," ಎಂದು ಅದರ ಜರ್ಮನ್ ಹೆಸರು ಹೇಳಿ ನನ್ನ ಮಗಳು ಮೂಗು ಮುರಿದಳು. ಅವರ ಗುಡ್ಡಗಳಲ್ಲಿ ಅದು ಶಾಂತಿ ಗಿಡ. ಅದರ ಎಲೆ ಹಿಡಿದು ಜಗಳವಾಡಿದವರ ಮನೆಗೆ ಹೋದರೆ ಅವರು ಕೈ ಎತ್ತುವಂತಿಲ್ಲ, ಬಾಗಿಲು ಹಾಕುವಂತಿಲ್ಲ. ಎಲೆ ತೆಗೆದುಕೊಂಡರೆ ಜಗಳ ಮುಗಿಯಿತು.

"ಅಣ್ಣನ ಮನೆಗೆ ಜೊತೆಗೆ ಬಾ ಅಕ್ಕ. ಒಬ್ಬಳಿಗೇ ಧೈರ್ಯವಿಲ್ಲ. ಗಂಡನನ್ನು ಕರೆದೊಯ್ದರೆ ಅಣ್ಣ ಇನ್ನೂ ಉರಿದುಬೀಳುತ್ತಾನೆ."

ಯಾರ ಮನೆಗೂ ಬೋಳು ಕುಂಡ ಒಯ್ಯಬಾರದೆಂದು ನಾನು ಅದಕ್ಕೊಂದು ಕೆಂಪು ರಿಬ್ಬನ್ ಕಟ್ಟಿದೆ. "ಇದು ಉಡುಗೊರೆಯಲ್ಲ," ಎಂದು ಬಿಚ್ಚಿದಳು. ನಮ್ಮ ಮನೆಯವರು ಸುಮ್ಮನಿರಬೇಕಲ್ಲ! "ಗಿಡಕ್ಕೂ ಒಂದ್ ಟಿಕೆಟ್ ತಗಸ್ರಿ ಮತ್ತ, ಚೆಕ್ಕಿಂಗಿನವ್ರು ಬಂದ್ರ ಫಜೀತಿ," ಎಂದರು.

ರೈಲಿನಲ್ಲಿ ಅವಳು ಕುಂಡವನ್ನು ತೊಡೆಯಿಂದ ಇಳಿಸಲೇ ಇಲ್ಲ. ಎದುರಿಗಿದ್ದ ಜರ್ಮನ್ ಅಜ್ಜಿಯೊಬ್ಬಳು ಅದಕ್ಕೆ ನೀರು ಹೇಗೆ ಹಾಕಬೇಕೆಂದು ದಾರಿಯುದ್ದಕ್ಕೂ ಪಾಠ ಹೇಳಿದಳು. ಆಕೆ ಇಳಿದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಿದ್ದವಳ ಕಣ್ಣು ತುಂಬಿತು.

"ಊರಲ್ಲಾದರೆ ಸರಿ. ಅಂಗಡಿಯ ಗಿಡಕ್ಕೆ ಅವನು ಬೆಲೆ ಕೊಡುತ್ತಾನಾ ಅಕ್ಕ?"

ಅವಳ ಕೈ ಹಿಡಿದುಕೊಂಡು ಕುಳಿತೆ.

ಬೆಲ್ ಒತ್ತಿದೆವು. ಬಾಗಿಲು ತೆರೆದವನು ತಂಗಿಯ ಮುಖ ಕಂಡದ್ದೇ ಮತ್ತೆ ಮುಚ್ಚಲು ಹೋದ. ಅಷ್ಟರಲ್ಲಿ ಗಿಡ ಕಣ್ಣಿಗೆ ಬಿತ್ತು. ಕೈ ಅಲ್ಲೇ ನಿಂತಿತು. ಆಮೇಲೆ ತಮ್ಮ ಭಾಷೆಯಲ್ಲಿ ಜೋರಾಗಿ ಗದರಿದ. ನಾನು ಹೆದರಿ ಒಂದು ಮೆಟ್ಟಿಲು ಕೆಳಗಿಳಿದೆ. ಅವನು ಅಂದದ್ದನ್ನು ಅವಳು ಆಮೇಲೆ ಹೇಳಿದಳು: "ಹುಚ್ಚೀ, ಒಂದು ಎಲೆ ಸಾಕಿತ್ತು. ಇಡೀ ಗಿಡ ಹೊತ್ತು ತಂದಿದ್ದೀಯಲ್ಲ!" ಅದಕ್ಕೆ ಇವಳು, "ನಿನ್ನ ಸಿಟ್ಟು ಎಲೆಯಷ್ಟಿತ್ತಾ?" ಎಂದಳಂತೆ.

ಅವನು ಎರಡೂ ಕೈ ಚಾಚಿ ಕುಂಡವನ್ನು ತೆಗೆದುಕೊಂಡ. ಇಬ್ಬರಿಗಿಂತ ಮೊದಲು ಅತ್ತವಳು ನಾನು.

ಒಳಗೆ ಹೋಗಿ ಕುಳಿತ ಕೂಡಲೇ ತಾಯಿಗೆ ಫೋನ್ ಹಚ್ಚಿದರು. ಮೊದಲು ಅವನು ಮಾತಾಡಿದ, ಹಿಂದೆಯೇ ಇವಳು. ಆಮೇಲೆ ಮುದುಕಿ ಮೆಲ್ಲಗೆ ಏನೋ ಕೇಳಿದಳು. ಅಣ್ಣ ತಲೆ ತಗ್ಗಿಸಿದ.

"ಏನಂದ್ರು?" ಎಂದೆ.

"ಅಳಿಯನ ದನಿ ಯಾಕೆ ಕೇಳಿಸುತ್ತಿಲ್ಲ ಅಂತ," ಎಂದಳು.

ಅವನು ಎದ್ದು ಕಿಟಕಿಯ ಬಳಿ ಹೋಗಿ ನಮಗೆ ಬೆನ್ನು ಹಾಕಿ ನಿಂತ. ತಾಯಿ ಫೋನಿನಲ್ಲಿ ಕಾಯುತ್ತಿದ್ದಳು. ನನಗೂ ತಿಳಿಯಲಿ ಎಂದೋ ಏನೋ, ಅವನು ಜರ್ಮನ್‌ನಲ್ಲಿ ತಂಗಿಗೆ ಹೇಳಿದ:

"ಅವನಿಗೆ ಫೋನ್ ಮಾಡು. ಈಗ ಹೊರಟರೆ ರಾತ್ರಿ ಊಟದ ಹೊತ್ತಿಗೆ ಬಂದು ಸೇರುತ್ತಾನೆ."