ಎಡಗೈಗೆ ಮಾಡಿದ ಬಾಣಂತನ

ಎಡ ಮೊಲೆ ತೆಗೆದ ಮೂರನೆಯ ದಿನ ರಾಯಚೂರಿನ ಆಸ್ಪತ್ರೆಯವಳೇ ಒಬ್ಬ ಹುಡುಗಿ ನನ್ನ ಮಂಚದ ಹತ್ತಿರ ಬಂದು ಕಸರತ್ತು ಹೇಳಿಕೊಟ್ಟಳು. ಗೋಡೆಗೆ ಮುಖ ಮಾಡಿ ನಿಂತು ಎಡಗೈ ಬೆರಳುಗಳನ್ನು ಒಂದೊಂದೇ ಮೇಲೆ ಹತ್ತಿಸಬೇಕು. ಗಾಯ ಮಾಯುತ್ತ ಬಂದ ಹಾಗೆ ಇನ್ನಷ್ಟು ಮೇಲೆ. ದಿನಾ ಅರ್ಧ ಗಂಟೆ ನಡೆಯಬೇಕು, ಸುಸ್ತು ಅಂತ ಹಾಸಿಗೆ ಹಿಡಿಯಬಾರದು. ಕೊನೆಗೆ ರೇಡಿಯೇಶನ್ ಇದೆ, ನಮ್ಮ ಕಡೆಯವರು ಕರೆಂಟು ಕೊಡುವುದು ಅನ್ನುತ್ತಾರಲ್ಲ ಅದು. ಆಗ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡೇ ಮಲಗಬೇಕು, ಕೈ ಏಳದಿದ್ದರೆ ಕೊಡಲಿಕ್ಕೆ ಬರುವುದಿಲ್ಲ ಎಂದಳು. ಚಿತ್ರಗಳಿದ್ದ ಒಂದು ಹಾಳೆಯನ್ನೂ ಕೊಟ್ಟಳು. ಮಾನ್ವಿಯಲ್ಲಿ ಹದಿನೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಒಂದೇ ಸಲಕ್ಕೆ ಎಲ್ಲ ಅರ್ಥವಾಯಿತು.

ಅಲ್ಲಿಂದ ಅವ್ವ ನನ್ನನ್ನು ಮಸರಕಲ್ಲಿನ ತವರಿಗೆ ಕರೆದುಕೊಂಡು ಹೋದಳು. ಕೊಯ್ದ ಹೆಂಗಸಿನ ಮೈಯನ್ನು ನೋಡಿಕೊಳ್ಳಲು ಅವ್ವನಿಗೆ ಗೊತ್ತಿದ್ದದ್ದು ಒಂದೇ ದಾರಿ, ಬಾಣಂತನ. ಮೊಲೆ ಹೋದವಳಿಗೂ ಅದೇ, ಮಗು ಹೆತ್ತವಳಿಗೂ ಅದೇ. ಕತ್ತಲೆ ಕೋಣೆಯಲ್ಲಿ ಹೊರಸು ಹಾಕಿ, ಅದರ ಕೆಳಗೆ ಕುಳ್ಳಿನ ಕೆಂಡ ಇಟ್ಟು, ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಕಟ್ಟಿದಳು. ಎದೆಹಾಲು ಬರಲೆಂದು ಬಾಣಂತಿಗೆ ಕೊಡುವ ಅಳವಿ ಪಾಯಸವೊಂದು ಬಾಕಿ ಇತ್ತು, ಅದನ್ನೂ ಮಾಡಿದಳು. ಹಾಲು ಯಾರಿಗೆ ಬರಬೇಕಿತ್ತೋ ದೇವರೇ ಬಲ್ಲ. ಕೊನೆಗೆ ತನ್ನ ಹಳೆಯ ಸೀರೆ ಹರಿದು ನನ್ನ ಎಡಗೈಯನ್ನು ಎದೆಗೆ ಬಿಗಿದು ಕಟ್ಟಿದಳು.

"ಕೊಯ್ದ ಮೈ ಅದ ಬೇ. ಅಲ್ಲಾಡಿಸಿದ್ರ ಗಾಳಿ ಹೊಕ್ಕೊಂತದ," ಅಂದಳು.

ನಾನು ಹಾಳೆ ತೋರಿಸಿದೆ. ಅವ್ವನಿಗೆ ಓದು ಬರುವುದಿಲ್ಲ. ಅದರಲ್ಲಿ ಗೋಡೆಗೆ ಒರಗಿ ನಿಂತ ಹೆಂಗಸಿನ ಚಿತ್ರ ನೋಡಿ, ಪಾಪ ಇಕಿಗೆ ತಲಿ ತಿರುಗ್ಯಾದೇನು ಎಂದು ಕೇಳಿ ಗೋಡೆಯ ಮಾಡದಲ್ಲಿಟ್ಟಳು. ನಾನು ಇನ್ನೊಮ್ಮೆ ಹೇಳಬಹುದಿತ್ತು, ಜಗಳ ಆಡಬಹುದಿತ್ತು. ಆಡಲಿಲ್ಲ. ಮದುವೆಯಾದಾಗಿನಿಂದ ನನ್ನನ್ನು ಯಾರೂ ಮಲಗು ಅಂದಿರಲಿಲ್ಲ. ಬೆಳಿಗ್ಗೆ ಎದ್ದು ರೊಟ್ಟಿ ಬಡಿ, ಶಾಲೆಗೆ ಓಡು, ಬಂದು ಮತ್ತೆ ರೊಟ್ಟಿ ಬಡಿ. ಇಲ್ಲಿ ಮಲಗಿದಲ್ಲಿಗೇ ಬಾಯಿಗೆ ತುತ್ತು ಬರುತ್ತಿತ್ತು, ಕೆಂಡದ ಬಿಸಿ ಬೆನ್ನಿಗೆ ಹಿತವಾಗಿತ್ತು. ಮಲಗಿದೆ.

ಮೂರು ವಾರಕ್ಕೊಮ್ಮೆ ಅವ್ವನ ಜೊತೆ ಬಸ್ಸಿನಲ್ಲಿ ರಾಯಚೂರಿಗೆ ಹೋಗಿ ಕೀಮೋ ಹಾಕಿಸಿಕೊಂಡು ಬರುತ್ತಿದ್ದೆ. ಮೊದಲ ವಾರ ವಾಂತಿ, ಎರಡನೆಯ ವಾರ ಬಾಯಿ ಹುಣ್ಣು. ಮೂರನೆಯ ವಾರ ಮೈ ಹಗುರಾಗುತ್ತಿತ್ತು, ಬೇಕಿದ್ದರೆ ಅಂಗಳದಲ್ಲಾದರೂ ನಾಲ್ಕು ಹೆಜ್ಜೆ ಹಾಕಬಹುದಿತ್ತು. ಕಸರತ್ತು ಮಾಡ್ತಿದ್ದೀರಾ ಎಂದು ಆ ಹುಡುಗಿ ಎರಡು ಸಲ ಕೇಳಿದಳು. ಹೂಂ ಅಂದೆ. ಮನೆಪಾಠ ಮಾಡದೆ ಹೀಗೆ ಹೂಂ ಅಂದ ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೋ.

ಕೀಮೋ ಮುಗಿಯಿತು. ರೇಡಿಯೇಶನ್ನಿಗೆ ಅಳತೆ ತೆಗೆಯುವ ದಿನ ಮೇಜಿನ ಮೇಲೆ ಮಲಗಿದೆ. ಕೈ ಹೆಗಲಿನ ಮಟ್ಟಕ್ಕೂ ಬರಲಿಲ್ಲ. ಅಳತೆ ತೆಗೆಯುವಾತ ಮೆಲ್ಲಗೆ ಎತ್ತಲು ನೋಡಿದ. ನಾನು ಕೂಗಿದ್ದಕ್ಕೆ ಹೊರಗೆ ಕೂತಿದ್ದ ಅವ್ವ ಬಾಗಿಲ ತನಕ ಓಡಿ ಬಂದಳಂತೆ.

"ಕೈ ಏಳದಿದ್ರ ನಾವೇನೂ ಮಾಡಾಕ ಬರಂಗಿಲ್ರೀ," ಅಂದ ಆತ.

ಡಾಕ್ಟರು ಮೂರು ವಾರ ಟೈಮು ಕೊಟ್ಟರು. ಅದಕ್ಕಿಂತ ತಡವಾದರೆ ಒಳಗೆ ಉಳಿದದ್ದು ಮತ್ತೆ ಚಿಗುರಬಹುದು ಎಂದು ನೇರವಾಗಿಯೇ ಹೇಳಿದರು. ನಾನು ತವರಿಗೆ ಹೋಗದೆ ಮಾನ್ವಿಯ ನನ್ನ ಮನೆಗೆ ಬಂದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿದ ಹಾಗಾಗಿತ್ತು ನನ್ನ ಬಾಳು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬೆರಳು ಹತ್ತಿಸುತ್ತಿದ್ದೆ. ಅರ್ಧ ಬೆರಳು ಮೇಲೆ ಹೋಗಲು ಎರಡು ದಿನ, ಕಂಕುಳು ಹರಿಯುವಂಥ ನೋವು. ಬೆಳಿಗ್ಗೆ ನಡೆಯಲು ಹೊರಟರೆ ಓಣಿಯವರದು ಬೇರೆ ಕಾಟ. ಹೆಂಗಸು ಬರಿಗೈಯಲ್ಲಿ ನಡೆದರೆ ಎಲ್ಲಿಗೆ ಎಂದು ಕೇಳದೆ ಬಿಡುವವರಿಲ್ಲ. ರಜೆ ಹಾಕಿ ತಿರುಗಾಡಾಕತ್ತಾಳ ಎಂದವರೂ ಇದ್ದರು. ಆಡುವ ಬಾಯಿಗೆ ಬೀಗ ಹಾಕಲಾಗುವುದಿಲ್ಲ ನೋಡಿ, ಬಲಗೈಯಲ್ಲಿ ಹಾಲಿನ ಖಾಲಿ ಕ್ಯಾನು ಹಿಡಿದುಕೊಂಡೆ. ಮಾರನೆಯ ದಿನದಿಂದ ಒಬ್ಬರೂ ಕೇಳಲಿಲ್ಲ. ಸಾಯದಿರಲು ನಡೆಯುತ್ತೇನೆ ಅಂದರೆ ಒಪ್ಪದ ಜನ ಹಾಲಿಗೆ ನಡೆಯುತ್ತೇನೆ ಅಂದರೆ ಒಪ್ಪಿದರು.

ಎರಡನೆಯ ವಾರ ಅವ್ವ ಬಂದಳು. ನಾನು ಗೋಡೆಯ ಮುಂದೆ ಅಳುತ್ತ ನಿಂತಿದ್ದೆ. ಸಾಕು ಬಿಡು ಎಂದು ಓಡಿ ಬಂದು ನನ್ನ ಕೈ ಕೆಳಗಿಳಿಸಲು ಹೋದಳು. ನನಗೆ ಎಲ್ಲಿತ್ತೋ ಸಿಟ್ಟು.

"ಮುಟ್ಟಬ್ಯಾಡ. ನನ್ನ ಕೈ ನೀನೇ ಕೆಡಿಸಿದಿ," ಅಂದೆ.

ಅವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. ನೆಲ ನೋಡುತ್ತ ಮಾತಾಡಿದಳು. "ನಿನ್ನ ಹಡೆದು ಐದನೇ ದಿನಕ್ಕ ನನ್ನ ಹೊಲಕ್ಕ ಕಳೆ ತೆಗಿಯಾಕ ಕಳಿಸಿದ್ರು ಯವ್ವಾ. ನಿನ್ನರ ನಾಕು ದಿನ ಮಲಗಸ್ಬೇಕು ಅಂದಿದ್ದೆ."

ಅಷ್ಟು ಹೇಳಿ ಮಧ್ಯಾಹ್ನದ ಬಸ್ಸಿಗೆ ಹೋದಳು. ನಾನು ತಡೆಯಲಿಲ್ಲ.

ಮೂರು ವಾರಕ್ಕೆ ಕೈ ಎದ್ದಿತು, ಪೂರ್ತಿ ಅಲ್ಲ, ಮಷೀನಿಗೆ ಸಾಲುವಷ್ಟು. ರೇಡಿಯೇಶನ್ ಮುಗಿಯಿತು. ಈಗ ಶಾಲೆಗೆ ಹೋಗುತ್ತಿದ್ದೇನೆ, ಬದುಕಿದ್ದೇನೆ.

ಕಳೆದ ತಿಂಗಳು ಗಬ್ಬೂರಿನಲ್ಲಿ ನಮ್ಮ ನೆಂಟರ ಹೆಣ್ಣುಮಗಳೊಬ್ಬಳಿಗೆ ಇದೇ ಆಪರೇಶನ್ ಆಗಿತ್ತು. ಅವ್ವ ನನ್ನನ್ನು ಕರೆದುಕೊಂಡು ನೋಡಲು ಹೋದಳು. ಆಕೆಯ ತಾಯಿಯ ಕೈ ಹಿಡಿದು, ಮಗಳನ್ನು ಮಲಗಿಸಬೇಡ, ನಡೆಸು, ಕೈ ಎತ್ತಿಸು ಎಂದು ಹೇಳಿದಳು. ಮನೆ ತುಂಬ ಜನ ಇದ್ದರು. "ನಾ ತಿಳಿಗೇಡಿ, ನನ್ನ ಮಗಳ ಕೈ ನಾನೇ ಕೆಡಿಸಿದೆ. ಇಕಿ ಬಡ್ಕೊಂಡ್ರೂ ಕೇಳಲಿಲ್ಲ," ಅಂದಳು. ಹೋದ ಕಡೆಯೆಲ್ಲ ಹೀಗೇ ಹೇಳುತ್ತಾಳಂತೆ.

ನಾನು ಬಡಿದುಕೊಂಡಿರಲಿಲ್ಲ. ಒಂದು ಸಲ ಹಾಳೆ ತೋರಿಸಿ ಸುಮ್ಮನಾಗಿದ್ದೆ. ಎಲ್ಲರೂ ನನ್ನ ಕಡೆ ಕನಿಕರದಿಂದ ನೋಡಿದರು. ಇಲ್ಲ, ನನಗೆ ಎಲ್ಲ ಗೊತ್ತಿತ್ತು, ಸುಖ ಅನಿಸಿ ಮಲಗಿದ್ದೆ ಎಂದು ಹೇಳಲು ಬಾಯಿ ಇತ್ತು. ಹೇಳಲಿಲ್ಲ. ಕೊಟ್ಟ ಚಹಾ ಕುಡಿದು, ಅವ್ವನ ಹಿಂದೆ ಎದ್ದು ಬಂದೆ.