ಖಾಲಾ ಕೊಟ್ಟ ಖೋಲಿ

ಬಾಡಿಗೆಗೆ ಮನೆ ಹುಡುಕುವವರಿಗೆ ಬುದ್ಧಿ ಹೇಳುವವರೆಲ್ಲ ಗಾಳಿ, ಬೆಳಕು, ನೀರು ನೋಡು ಅನ್ನುತ್ತಾರೆ. ನಾನು ಮುಂದಿನ ಓದಿಗೆಂದು ಬಂದು ಬೀದರಿನ ಗಲ್ಲಿಗಳಲ್ಲಿ ಖೋಲಿ ಹುಡುಕಿದ ದಿನ ಈ ಮೂರನ್ನು ನೋಡುವಷ್ಟು ಒಳಗೆ ಯಾರೂ ನನ್ನನ್ನು ಬಿಡಲಿಲ್ಲ. ಅವರೇ ನನ್ನನ್ನು ನೋಡಿದರು.

ಪೊಲೀಸ್ ಆಕ್ಷನ್ ಆದ ಮರುವರ್ಷದ ಮಾತು. ನಿಜಾಮರ ಆಳಿಕೆ ಹೋಗಿತ್ತು, ನನ್ನ ಉರ್ದು ಹೋಗಿರಲಿಲ್ಲ. ಔರಾದಿನ ಸಾಲೆಯಲ್ಲಿ ಕಲಿತದ್ದೆಲ್ಲ ಆ ಭಾಷೆಯಲ್ಲೇ. ಕನ್ನಡವೆಂದರೆ ನನಗೆ ಅವ್ವನ ಜೊತೆ ಮತ್ತು ಎತ್ತುಗಳ ಜೊತೆ ಆಡುವ ಮಾತು. ದೊಡ್ಡವರು ಎದುರಾದರೆ ಕೈ ತಾನಾಗಿ ಹಣೆಗೆ ಹೋಗಿ ಬಾಯಿ ‘ಆದಾಬ್’ ಅನ್ನುತ್ತಿತ್ತು. ಅದೇ ಹಣೆಯ ಮೇಲೆ ಅವ್ವ ಬೆಳಿಗ್ಗೆ ಬಳಿದ ಮೂರು ಬೆರಳಿನ ವಿಭೂತಿ. ಹೊರಡುವಾಗ ಅಪ್ಪ ಹೇಳಿದ್ದ: “ಸಂಜಿ ಮೋಟರ್ ತನಕ ಖೋಲಿ ಸಿಗಲಿಲ್ಲಂದ್ರ ವಾಪಸ್ ಬಾ. ಹೊಲ ಎಲ್ಲೂ ಹೋಗಿಲ್ಲ.” ಒಮ್ಮೆ ವಾಪಸು ಹೋದರೆ ನನ್ನ ಓದು ಮುಗಿದಂತೆಯೇ ಎಂದು ನನಗೆ ಗೊತ್ತಿತ್ತು.

ಮೊದಲ ಮನೆ ಭಾಲ್ಕಿ ಕಡೆಯ ವ್ಯಾಪಾರಿಯೊಬ್ಬರದು, ನಮ್ಮ ಪೈಕಿಯವರೇ. ಬಿಸಿಲಿಗೆಂದು ತಲೆಗೆ ಸುತ್ತಿದ್ದ ಟವೆಲು ಹುಬ್ಬಿನ ತನಕ ಇಳಿದು ವಿಭೂತಿಯನ್ನು ಮುಚ್ಚಿತ್ತು. ನಾನು ಬಾಗಿ ‘ಆದಾಬ್’ ಎಂದೆ. ಅವರು ನನ್ನನ್ನು ಮುಸಲ್ಮಾನನೆಂದುಕೊಂಡು, “ಖೋಲಿ ಇಲ್ಲರಿ” ಎಂದು ಒಳಗೆ ನಡೆದರು.

ಸಿಟ್ಟಿಗೆ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡೆ. ಎರಡನೆಯ ಮನೆಯಲ್ಲಿ ಬಾಗಿಲು ತೆರೆದವರು ಬಿಳಿ ಗಡ್ಡದ ಮುನ್ಶಿ ಒಬ್ಬರು. ಈ ಸಲ ಬಾಯಿ ತೆರೆಯುವ ಮೊದಲೇ ಹಣೆ ಮಾತಾಡಿಬಿಟ್ಟಿತು. ಅವರು ಬಾಗಿಲನ್ನು ಅರ್ಧ ಮುಚ್ಚಿಕೊಂಡರು. “ಖಾಲಿ ಇಲ್ಲ ಬೇಟಾ, ಮಾಫ್ ಮಾಡು” ಎಂದರು. ಅವರ ಹಿಂದೆ ಖಾಲಿ ಖೋಲಿ ಕಾಣುತ್ತಿತ್ತು. ನನಗೆ ಬೇಸರವಾಗಲಿಲ್ಲ, ನಾಚಿಕೆಯಾಯಿತು. ನಿಜಾಮರ ಪರವಾಗಿ ಊರೂರು ಕಾಡಿದ ರಜಾಕಾರರ ಹೆದರಿಕೆಗೆ ನಾವು ಬಾಗಿಲು ಹಾಕಿಕೊಂಡು ಕೂತಿದ್ದೆವು. ಪೊಲೀಸ್ ಆಕ್ಷನ್ ಆದ ಮೇಲೆ, ಸೇಡಿಗೆ ಬಂದ ನಮ್ಮವರಿಗೆ ಹೆದರಿ, ರಜಾಕಾರರ ಮುಖವನ್ನೂ ನೋಡದ ಇಂಥ ಮನೆಗಳವರು ಹಾಗೆ ಕೂರಬೇಕಾಯಿತು.

ಹೊತ್ತು ಇಳಿಯುತ್ತಿತ್ತು. ಮೂರನೆಯ ಮನೆಯೂ ಮುಸಲ್ಮಾನರದೆಂದು ಕೇಳಿ ನಾನು ಬಾವಿಯ ಹತ್ತಿರ ಹೋಗಿ ಹಣೆ ತೊಳೆದುಕೊಂಡೆ. ಇಷ್ಟು ಜಾಣತನ ನನಗೆ ಲೆಕ್ಕದ ಪರೀಕ್ಷೆಯಲ್ಲಿ ಎಂದೂ ಒದಗಿರಲಿಲ್ಲ. ಬಾಗಿಲಲ್ಲಿ ಮುದುಕಿಯೊಬ್ಬರು ನಿಂತಿದ್ದರು. ಹೆದರಿಕೆಯಲ್ಲಿ ನನ್ನ ಬಾಯಿಂದ “ಆದಾ... ಶರಣ್ರಿ” ಎಂದು ಬಂತು.

ಅವರು ನನ್ನ ಮುಖವನ್ನೇ ದಿಟ್ಟಿಸಿದರು. “ಈ ವಯಸ್ಸಿಗೇ ಹುಬ್ಬು ಬೆಳ್ಳಗ ಆಗ್ಯಾವಲ್ಲ ಬೇಟಾ?”

ತೊಳೆದ ಬೂದಿಯೆಲ್ಲ ಹುಬ್ಬಿನಲ್ಲಿ ಇಳಿದು ಕೂತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಗಲಿಲ್ಲ.

“ನನ್ನ ಸಲುವಾಗಿ ಅಳಿಸಿದಿ? ನಾಳಿಂದ ಹಚ್ಚಕೋ. ಯಾರ ಮಗ ಅಂತ ನೋಡದ್ರ ತಿಳೀಬೇಕು. ಖೋಲಿ ನಿನಗ ಕೊಟ್ಟೀನಿ. ಒಂದೇ ಮಾತು, ಬಾಗಿಲಾ ಬಡೀಬ್ಯಾಡ. ಹೊರಗ ನಿಂತು ನಿನ್ನ ಹೆಸರು ಹೇಳು.”

ಎಲ್ಲರೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು; ನಾನೂ ಹಾಗೇ ಕರೆದೆ. ಗೋಡೆಯ ಗೂಡಿನಲ್ಲಿದ್ದ ತಮ್ಮ ಸಾಮಾನು ತೆಗೆದು, ನನ್ನ ಲಿಂಗಪೂಜೆಗೆ ಅದನ್ನು ಬಿಟ್ಟುಕೊಟ್ಟರು. ಖೋಲಿಗೆ ಬೆಳಕು ಅಷ್ಟಕ್ಕಷ್ಟೆ, ಗಾಳಿಯಂತೂ ಕೇಳಲೇಬೇಡಿ.

ಅವರ ಆ ಒಂದು ಮಾತನ್ನು ನಾನು ಮುದುಕರ ಚಾಳಿ ಎಂದುಕೊಂಡಿದ್ದೆ. ವಾರವೊಂದು ಕಳೆದಿರಬೇಕು. ಒಂದು ಸಂಜೆ ಕೈತುಂಬ ಪುಸ್ತಕ ಹಿಡಿದು ಬಂದವನು ಹೆಸರು ಹೇಳಲು ಮರೆತು ಮೊಣಕೈಯಿಂದ ದಬದಬ ಬಡಿದೆ. ಒಳಗಿಂದ ಸದ್ದಿಲ್ಲ. ಮತ್ತೆ ಬಡಿದೆ. ಆಮೇಲೆ ನೆನಪಾಗಿ “ಖಾಲಾ, ನಾ ಶಿವರಾಜ” ಎಂದೆ. ಬಹಳ ಹೊತ್ತಿನ ಮೇಲೆ ಅಗಳಿ ಸರಿಯಿತು. ಖಾಲಾ ಎರಡೂ ಕೈಯಲ್ಲಿ ರೊಟ್ಟಿಯ ಹಂಚು ಹಿಡಿದು ಗೋಡೆಗೆ ಒತ್ತಿಕೊಂಡು ನಿಂತಿದ್ದರು.

“ಅವತ್ತೂ ಹಿಂಗೇ ಬಡದಿದ್ರು” ಎಂದರು. “ಯಾರು ಅಂತ ಹೇಳಲಿಲ್ಲ. ನಿಮ್ಮ ಖಾಲೂ ಹೋಗಿ ತಗದರು.”

ಖಾಲೂ ಅಂದರೆ ಅವರ ಯಜಮಾನರು. ಬಾಗಿಲು ತೆಗೆಯಹೋದ ಅವರು ತಿರುಗಿ ಬಂದಿರಲಿಲ್ಲ. ಆ ಹಂಚನ್ನು ಖಾಲಾರ ಕೈಯಿಂದ ಬಿಡಿಸಿಕೊಂಡು ಒಲೆಯ ಮೇಲೆ ಇಟ್ಟೆ. ನನಗೆ ಅಳು ಬಂತು, ಅವರೇ ಸಮಾಧಾನ ಮಾಡಿದರು.

ಮರುದಿನದಿಂದ ನಾನು ಗಲ್ಲಿಯ ತಿರುವಿನಲ್ಲೇ ನನ್ನ ಹೆಸರನ್ನು ಸಾರತೊಡಗಿದೆ. ಅಕ್ಕಪಕ್ಕದವರು ಮೊದಲು ಬೈದರು, ಆಮೇಲೆ ಅವರವರೇ “ಖಾಲಾ, ನಿಮ್ಮ ಶಿವರಾಜ ಬಂದ” ಎಂದು ಮನೆಯಿಂದ ಮನೆಗೆ ದಾಟಿಸಿದರು. ಯಾವ ದೊರೆಯ ಸವಾರಿಗೂ ಇಂಥ ಬಹುಪರಾಕು ಸಿಕ್ಕಿರಲಾರದು.

ಪರೀಕ್ಷೆ ಹತ್ತಿರ ಬಂದಾಗ ಒಂದು ಸಂಜೆ ಗಲ್ಲಿಯಲ್ಲಿ ಯಾರೂ ಇರಲಿಲ್ಲ. ನಾನೂ ಓದಿದ್ದನ್ನು ಗುನುಗುತ್ತ ಕೂಗುವುದನ್ನು ಮರೆತು ಬಂದೆ. ಬಾಗಿಲು ತೆರೆದೇ ಇತ್ತು. ನಡುಮನೆಯ ಚಾಪೆಯ ಮೇಲೆ ಖಾಲಾ ಬೀದಿಗೆ ಬೆನ್ನು ಮಾಡಿ ಮಲಗಿ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ನಾನು ಹೆಸರನ್ನು ಬಾಯಲ್ಲೇ ಇಟ್ಟುಕೊಂಡು, ಅವರಿಗೆ ಎಚ್ಚರವಾಗುವ ತನಕ ಹೊಸ್ತಿಲ ಮೇಲೆ ಕೂತೆ.