ಸಿದ್ದಲಿಂಗವ್ವನ ಮೂರನೆಯ ಮಿಸ್ ಕಾಲ್

ಮೋರಟಗಿಯ ಸಿದ್ದಲಿಂಗವ್ವನಿಗೆ ಫೋನಿನಲ್ಲಿ ಮಾತಾಡುವವರನ್ನು ಕಂಡರೆ ಆಗುತ್ತಿರಲಿಲ್ಲ. ಫೋನು ಇರುವುದು ಬಾರಿಸುವುದಕ್ಕೆ, ಎತ್ತುವುದು ದಡ್ಡರ ಕೆಲಸ ಎಂಬುದು ಅವಳ ಸಿದ್ಧಾಂತ. ಇದು ಬರಿಯ ಜಿಪುಣತನದಿಂದ ಹುಟ್ಟಿದ್ದಲ್ಲ. ಜಿಪುಣತನ ಇರಲಿಲ್ಲವೆಂದರೆ ಸುಳ್ಳಾದೀತು, ಆದರೆ ಅದಕ್ಕೆ ಅವಳು ನಡೆಸುತ್ತಿದ್ದ ಹಿಟ್ಟಿನ ಗಿರಣಿಯ ಅನುಭವವೂ ಕೂಡಿತ್ತು.

ಎರಡು ಸಾವಿರದ ಏಳರ ಹೊತ್ತಿಗೆ ಆ ಕಡೆಯ ಹಳ್ಳಿಗಳಲ್ಲಿ ಕರೆಂಟು ಹೇಳಿ ಕೇಳಿ ಬರುತ್ತಿರಲಿಲ್ಲ. ಹಿಟ್ಟಿನ ಗಿರಣಿ ತಿರುಗಬೇಕಾದರೆ ತ್ರೀ ಫೇಸ್ ಬೇಕು. ಹೆಂಗಸರು ಜೋಳದ ಬುಟ್ಟಿ ಹೊತ್ತು ಬಂದು, ಗಿರಣಿಯ ಕಟ್ಟೆಯ ಮೇಲೆ ಅರ್ಧ ದಿನ ಕೂತು, ಊರಿನ ಸೊಸೆಯಂದಿರನ್ನೆಲ್ಲ ನುಣ್ಣಗೆ ಬೀಸಿ, ಬೀಸದ ಜೋಳವನ್ನು ಹೊತ್ತು ಮನೆಗೆ ಹೋಗುತ್ತಿದ್ದರು. ಮೊಬೈಲು ಬಂದದ್ದೇ ಸಿದ್ದಲಿಂಗವ್ವ ಒಂದು ಕಾನೂನು ತಂದಳು. ಕರೆಂಟು ಬಂದರೆ ಗಿರಾಕಿಗೆ ಒಂದು ಮಿಸ್ ಕಾಲ್, ಅಂದರೆ ಜೋಳ ತಗೊಂಡು ಬಾ. ಹಿಟ್ಟು ತಯಾರಾದರೆ ಎರಡು, ಅಂದರೆ ಬಂದು ಡಬ್ಬಿ ಒಯ್ಯಿ. ಎರಡೂ ಸಲ ಎತ್ತುವಂತಿಲ್ಲ. ಒಮ್ಮೆ ಮರೆತು ಎತ್ತಿ ‘ಹಲೋ’ ಎಂದ ರಾಜಬಿಯ ಜೋಳವನ್ನು ಒಂದು ವಾರ ಕೊನೆಯ ಪಾಳಿಗೆ ತಳ್ಳಿದಳು. ಅಲ್ಲಿಂದ ಊರು ಶಿಸ್ತಿಗೆ ಬಂತು.

ಬರದವನು ಗಂಡ ಗುರುಲಿಂಗಪ್ಪ ಒಬ್ಬನೇ. ಅವನಿಗೆ ಮಿಸ್ ಕಾಲ್ ಕೊಡುವ ವಿದ್ಯೆ ಒಲಿಯಲೇ ಇಲ್ಲ. ಬಾರಿಸಿದ ಮೇಲೆ ಆ ಕಡೆಯವರು ಎತ್ತುವ ಮೊದಲೇ ಇಡುವುದು ಮರ್ಯಾದೆಯಲ್ಲ ಎಂದು ಫೋನು ಕಿವಿಗೆ ಹಿಡಿದು ನಿಂತೇ ಇರುತ್ತಿದ್ದ. ಎತ್ತಿದರೆ ಮಳೆ ಬೆಳೆ ವಿಚಾರಿಸುತ್ತಿದ್ದ. ಆದ್ದರಿಂದ ಅವನ ಕೈಗೆ ಫೋನು ಕೊಡುತ್ತಿರಲಿಲ್ಲ. ಬಾರಿಸಿ ಕತ್ತರಿಸುವ ಕೈಚಳಕ ಇದ್ದದ್ದು ಮಗಳು ವಿದ್ಯಾವತಿಗೆ. ಅವಳು ಸಿಂದಗಿಯ ಒಂದು ಶಾಲೆಯಲ್ಲಿ ಟೀಚರು, ಅವಳ ಹತ್ತಿರ ತನ್ನದೇ ಒಂದು ಫೋನೂ ಇತ್ತು. ಮಾತು ಕಡಿಮೆ, ಅಥವಾ ಮನೆಯಲ್ಲಿ ಅವಳ ಪಾಲಿಗೆ ಮಾತು ಉಳಿಯುತ್ತಿರಲಿಲ್ಲ.

ಆ ವರ್ಷ ಎರಡು ಸಂಗತಿಗಳು ಒಟ್ಟಿಗೆ ಬಂದವು. ಝಳಕಿಯ ಶ್ರೀಶೈಲಪ್ಪ ಪ್ರತಿ ವರ್ಷ ಬಸ್ಸು ಕಟ್ಟಿಕೊಂಡು ಕಾಶಿಯ ಮೇಲೆ ಹಾಯ್ದು ನೇಪಾಳದ ಪಶುಪತಿನಾಥನ ತನಕ ಜನರನ್ನು ಕರೆದೊಯ್ಯುತ್ತಿದ್ದ. ಸಿದ್ದಲಿಂಗವ್ವ ಆ ಬಸ್ಸಿನಲ್ಲಿ ಸೀಟು ಹಿಡಿದಳು. ಹೊರಡುವುದಕ್ಕೆ ಸ್ವಲ್ಪ ಮೊದಲು ಸಾಲೋಟಗಿಯ ನಿಂಬೆ ತೋಟದವರು ವಿದ್ಯಾವತಿಯನ್ನು ನೋಡಲು ಬಂದರು. ಹುಡುಗ ಚೆನ್ನಾಗಿದ್ದ, ತೋಟ ಅವನಿಗಿಂತ ಚೆನ್ನಾಗಿತ್ತು. ‘ಹಿರಿಯರನ್ನ ಕೇಳಿ ತಿಳಿಸ್ತೇವಿ’ ಎಂದು ಅವಲಕ್ಕಿ ತಿಂದು ಎದ್ದರು. ಉತ್ತರ ಬರುವ ಹೊತ್ತಿಗೆ ಸಿದ್ದಲಿಂಗವ್ವ ನೇಪಾಳದಲ್ಲಿರಬೇಕು. ಸೀಟಿಗೆ ಕಟ್ಟಿದ ದುಡ್ಡು ವಾಪಸು ಬರುವುದಿಲ್ಲ, ಇಂಥ ಸಂಬಂಧವೂ ಮತ್ತೆ ಬರುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅವಳಿಗೆ ಇದು ದೊಡ್ಡ ಸಮಸ್ಯೆಯೇ ಆಗಲಿಲ್ಲ.

“ಅವರು ಒಪ್ಪಿದ್ರ ಒಂದು ಮಿಸ್ ಕಾಲ್ ಕೊಡು,” ಎಂದು ಮಗಳಿಗೆ ಹೇಳಿದಳು. “ಒಲ್ಲೆ ಅಂದ್ರ ಎರಡು. ಒಂದು ಬಂತಂದ್ರ ನಾ ಅಲ್ಲಿಂದ ಹೊಳ್ಳಿ ಒಂದು ಕೊಡ್ತೇನಿ. ಅದು ಬಂದ ಕೂಡ್ಲೆ ನಿಮ್ಮಪ್ಪ ಸಾಲೋಟಗಿಯವರಿಗೆ ಮಾತು ಕೊಡಲಿ. ತಿಳೀತಿಲ್ಲೋ?”

ವಿದ್ಯಾವತಿ ತಿಳಿಯಿತು ಎಂದು ತಲೆ ಆಡಿಸಿದಳು. ಒಂದು ಹುಡುಗಿಯ ಮದುವೆ ಎರಡು ದೇಶಗಳ ನಡುವೆ, ಒಬ್ಬರೂ ಬಾಯಿ ತೆರೆಯದೆ, ಬಿಲ್ಲಿಲ್ಲದೆ ನಿಶ್ಚಯವಾಗುವ ವ್ಯವಸ್ಥೆ ಅದು. ಸಿದ್ದಲಿಂಗವ್ವ ಅದನ್ನು ದಾರಿಯುದ್ದಕ್ಕೂ ಬಸ್ಸಿನವರಿಗೆಲ್ಲ ವಿವರಿಸಿದಳು. ಕಾಶಿ ಮುಟ್ಟುವ ಮೊದಲೇ ಬಸ್ಸಿನವರಿಗೆಲ್ಲ ಸಾಲೋಟಗಿಯ ನಿಂಬೆ ಗಿಡಗಳ ಪರಿಚಯವಾಗಿತ್ತು.

ಗಡಿ ಹತ್ತಿರ ಬಂದಾಗ ಶ್ರೀಶೈಲಪ್ಪ ಬಸ್ಸಿನ ನಡುವೆ ಎದ್ದು ನಿಂತ. ಕೈಯಲ್ಲಿ ಜೋಳದ ಹಿಟ್ಟಿನ ಖಾಲಿ ಡಬ್ಬಿ.

“ಎಲ್ಲಾರೂ ಫೋನ್ ಬಂದ್ ಮಾಡಿ ಇದರಾಗ ಹಾಕ್ರಿ. ಇನ್ನ ಮುಂದ ಪರದೇಶ. ಫೋನ್ ತಾನ ಅಲ್ಲಿನ ಟವರ್ ಹಿಡಿತೈತಿ, ನಿಮ್ಮನ್ನೇನು ಕೇಳೋದಿಲ್ಲ. ಮಾಡಿದ್ರೂ ಬಿಲ್ಲು, ಬಂದದ್ದು ಎತ್ತಿದ್ರೂ ಬಿಲ್ಲು. ಹಿಂದಿನ ವರ್ಷ ಒಬ್ಬರು ದಿನಾ ಎಮ್ಮಿ ಹಾಲು ಎಷ್ಟು ಕೊಡ್ತು ಅಂತ ಕೇಳಿದ್ರು. ಊರಿಗೆ ಹೋಗಿ ಬಿಲ್ಲಿಗೆ ಆ ಎಮ್ಮಿನ ಮಾರಿದ್ರು. ಊರಿಗೆ ಮಾತಾಡೋದಿದ್ರ ಅಲ್ಲಿ ಬೂತ್ ಅದಾವು.”

“ಪರದೇಶ ಹೆಂಗ ಆಗತೈತ್ರಿ?” ಎಂದಳು ಸಿದ್ದಲಿಂಗವ್ವ. “ಶಿವ ಕೂತಾನ ಅಂತ ನೀವ ಕರ್ಕೊಂಡು ಹೊಂಟೀರಿ. ಶಿವ ಇದ್ದದ್ದು ನಮ್ಮ ದೇಶ ಅಲ್ಲೇನು?”

“ಶಿವ ನಮ್ಮವನ್ರಿ ಅಕ್ಕಾರ. ಟವರ್ ನಮ್ದಲ್ಲ.”

ಈ ಉತ್ತರಕ್ಕೆ ಬಸ್ಸೆಲ್ಲ ನಕ್ಕಿತು. ಸಿದ್ದಲಿಂಗವ್ವನೂ ನಕ್ಕು, ಕರವಸ್ತ್ರದಲ್ಲಿ ಸುತ್ತಿದ್ದ ಗಂಟೊಂದನ್ನು ಭಕ್ತಿಯಿಂದ ಡಬ್ಬಿಗೆ ಹಾಕಿದಳು. ಅದರೊಳಗೆ ಇದ್ದದ್ದು ವಿಭೂತಿ ಗಟ್ಟಿ. ಫೋನು ಎಲೆ ಅಡಿಕೆ ಚೀಲದ ತಳದಲ್ಲಿ ಬೆಚ್ಚಗೆ ಜೀವಂತವಾಗಿತ್ತು. ಮಾಡಿದರೆ ಬಿಲ್ಲು, ಎತ್ತಿದರೆ ಬಿಲ್ಲು ಎಂದು ಶ್ರೀಶೈಲಪ್ಪನೇ ಹೇಳಿದ್ದಾನಲ್ಲ. ಎತ್ತದಿದ್ದರೆ ಯಾವ ದೇಶದ ಬಿಲ್ಲು?

ಕಠ್ಮಂಡುವಿನಲ್ಲಿ ಪಶುಪತಿನಾಥನ ದರ್ಶನ ಚೆನ್ನಾಗಿಯೇ ಆಯಿತು. ಮರುದಿನ ಯಾವುದೋ ಜಗಳಕ್ಕೆ ಊರಿಗೆ ಊರೇ ಬಂದ್ ಆಯಿತು. ಅಂಗಡಿ ಇಲ್ಲ, ಬೂತ್ ಇಲ್ಲ, ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಯಾತ್ರಿಕರು ಧರ್ಮಶಾಲೆಯ ಪಡಸಾಲೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮುಗಿಸಿ ಕಾಲು ಚಾಚಿ ಕೂತಿದ್ದರು. ಇಂಡಿ ಊರಿನ ಬಂದಗಿಸಾಬ, ಬಸ್ಸಿನ ಡ್ರೈವರು, ಗೋಡೆಗೆ ಒರಗಿ ತೂಕಡಿಸುತ್ತಿದ್ದ. ಆಗ ಫೋನು ಬಾರಿಸಿತು.

ಶ್ರೀಶೈಲಪ್ಪ ಮೊದಲು ಡಬ್ಬಿಯ ಕಡೆ ನೋಡಿದ. ಆಮೇಲೆ ಡಬ್ಬಿಗೆ ಕಿವಿ ಇಟ್ಟ. ಸದ್ದು ಸಿದ್ದಲಿಂಗವ್ವನ ಎಲೆ ಅಡಿಕೆಯ ಚೀಲದಿಂದ ಬಂದು, ಒಂದು ಸಲ ಬಾರಿಸಿ ನಿಂತಿತು.

“ಅಕ್ಕಾರ, ನಿಮ್ಮ ಫೋನ್ ಡಬ್ಬ್ಯಾಗ ಐತಲ್ರಿ?”

“ಒಂದು,” ಎಂದಳು ಸಿದ್ದಲಿಂಗವ್ವ, ಅವನ ಮಾತು ಕಿವಿಗೆ ಬಿದ್ದಿಲ್ಲವೆಂಬಂತೆ. ಮುಖ ಅರಳಿತ್ತು. “ಒಪ್ಯಾರ.”

ಪಡಸಾಲೆಯಲ್ಲಿ ಸಂಭ್ರಮ ಎದ್ದಿತು. ಯಾರೋ ಸಕ್ಕರೆ ಡಬ್ಬಿ ತೆಗೆದರು. ಹೊಳ್ಳಿ ಒಂದು ಕೊಡಬೇಕಲ್ಲ, ಸಿದ್ದಲಿಂಗವ್ವ ಚಾಳೀಸು ಹುಡುಕತೊಡಗಿದಳು. ಅದು ಅವಳ ತಲೆಯ ಮೇಲೆಯೇ ಇತ್ತು. ಅದು ಸಿಕ್ಕು, ಮೂಗಿಗೆ ಏರಿ, ಗುಂಡಿಯ ಮೇಲೆ ಹೆಬ್ಬೆರಳು ಕೂರಬೇಕು, ಅಷ್ಟರಲ್ಲಿ ಫೋನು ಮತ್ತೆ ಬಾರಿಸಿ ನಿಂತಿತು.

ಎರಡು. ಸಕ್ಕರೆ ಡಬ್ಬಿಯ ಮುಚ್ಚಳ ಮೆಲ್ಲಗೆ ಮುಚ್ಚಿಕೊಂಡಿತು.  ತನ್ನ ಮಗಳನ್ನು ಒಲ್ಲೆ ಎಂದರಲ್ಲ ಎಂಬ ಸಿಟ್ಟಿಗೆ ಸಿದ್ದಲಿಂಗವ್ವನ ಕಣ್ಣಲ್ಲಿ ನೀರು ಬಂತು. ಆದರೂ ಇಷ್ಟು ಜನರ ಎದುರು ತಗ್ಗುವ ಹೆಂಗಸಲ್ಲ ಅವಳು.

“ಹೋಗಲಿ ಬಿಡ್ರಿ. ಅವರ ತೋಟದ ನಿಂಬಿ ಭಾಳ ಹುಳಿ ಅಂತ ನಾ ಮೊದಲ ಕೇಳಿದ್ದೆ.”

ನಿಂಬೆ ಹುಳಿಯಲ್ಲದೆ ಮತ್ತೇನಿರಬೇಕು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೇಳಲು ಸಮಯವೂ ಸಿಗಲಿಲ್ಲ. ಫೋನು ಮೂರನೆಯ ಸಲ ಬಾರಿಸಿ ನಿಂತಿತು. ಆಮೇಲೆ ಸುಮ್ಮನಾಯಿತು.

ಮೂರು ಎಂದರೆ ಏನು? ಸಿದ್ದಲಿಂಗವ್ವ ಎಲ್ಲರ ಮುಖ ನೋಡಿದಳು, ಎಲ್ಲರೂ ಅವಳ ಮುಖ ನೋಡಿದರು. ಒಂದು ಮತ್ತು ಎರಡು ಕೂಡಿ ಮೂರು, ಅಂದರೆ ಮೊದಲು ಒಪ್ಪಿ ಆಮೇಲೆ ತಿರುಗಿಬಿದ್ದಿದ್ದಾರೆ ಎಂದು ಒಬ್ಬರು ಲೆಕ್ಕ ಹಾಕಿದರು. ಎಲ್ಲ ಈ ದೇಶದ ಟವರಿನ ಆಟ ಎಂದ ಶ್ರೀಶೈಲಪ್ಪ. ಬಂದಗಿಸಾಬ ಒಂದೇ ಕಣ್ಣು ತೆರೆದ.

“ನಮ್ಮ ಲೈನಿನಾಗ ಕಂಡಕ್ಟರ್ ಒಂದು ಗಂಟಿ ಹೊಡದ್ರ ನಿಲ್ಲಸು, ಎರಡು ಹೊಡದ್ರ ನಡಿ. ಮೂರು ಹೊಡದ್ರ ಬಸ್ ತುಂಬೈತಿ, ಎಲ್ಲೂ ನಿಲ್ಲಸಬ್ಯಾಡ ಅಂತರಿ.”

“ನನ್ನ ಮಗಳೇನು ಕಂಡಕ್ಟರ್ ಅಲ್ಲ. ನೀ ಮಲಕ್ಕೋ.”

ಬಂದಗಿಸಾಬ ಮಲಗಿದ. ಸ್ವಲ್ಪ ಹೊತ್ತಿಗೆ ಫೋನು ಮತ್ತೆ ಎಚ್ಚರಾಯಿತು. ಒಂದು ಬಾರಿಸಿ ನಿಂತಿತು, ಮತ್ತೊಂದು ಬಾರಿಸಿ ನಿಂತಿತು, ಮಗದೊಂದು ಬಾರಿಸಿ ನಿಂತಿತು. ಈ ಸಲ ಯಾರೂ ಸಕ್ಕರೆ ಡಬ್ಬಿಗೆ ಕೈ ಹಾಕಲಿಲ್ಲ. ಟವರು ಒಮ್ಮೆ ಆಟವಾಡೀತು, ಅದೇ ಆಟವನ್ನು ಎರಡು ಸಲ ಆಡುವುದಿಲ್ಲ. ಅದು ಬೇಕೆಂದೇ ಕೊಟ್ಟ ಮೂರು. ವಿದ್ಯಾವತಿಯ ಕೈ ತಪ್ಪುವ ಕೈಯಲ್ಲ ಎಂಬುದು ಅವಳಿಗೆ ಕಲಿಸಿದ ತಾಯಿಗೆ ಗೊತ್ತು.

ಸಿದ್ದಲಿಂಗವ್ವನಿಗೆ ಹೆದರಿಕೆಯಾಯಿತು. ಮನೆಯಲ್ಲಿ ಯಾರಿಗೇನಾಯಿತೋ ಎಂಬ ಹೆದರಿಕೆಯಲ್ಲ. ಹಾಗೇನಾದರೂ ಆಗಿದ್ದರೆ ಗುರುಲಿಂಗಪ್ಪ ಫೋನು ಕಸಿದುಕೊಂಡು, ಅವಳು ಎತ್ತುವ ತನಕ ಬಿಡುತ್ತಿರಲಿಲ್ಲ. ಮಗಳು ಏನೋ ಹೇಳುತ್ತಿದ್ದಾಳೆ, ತನಗೆ ತಿಳಿಯುತ್ತಿಲ್ಲ, ಇದೇ ಹೆದರಿಕೆ. ಇಡೀ ಮೋರಟಗಿಗೆ ಹಿಟ್ಟಿನ ಭಾಷೆ ಕಲಿಸಿದವಳು ತನ್ನ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿಯ ಮೂರು ಮಿಸ್ ಕಾಲಿಗೆ ಅರ್ಥ ಹುಡುಕಲಾರದೆ ಪರದೇಶದ ಪಡಸಾಲೆಯಲ್ಲಿ ಪೆಚ್ಚಾಗಿ ಕೂತಿದ್ದಳು.

“ಶ್ರೀಶೈಲಪ್ಪನವರ, ಬೂತ್ ಯಾವಾಗ ತೆಗಿತಾರ್ರಿ?”

“ನಾಳಿ ತೆಗದ್ರೂ ತೆಗದ್ರು, ಇಲ್ಲಂದ್ರ ಇಲ್ಲ.”

ನಾಳೆಯ ತನಕ ಸಾಲೋಟಗಿಯವರು ಕಾಯುವವರಲ್ಲ. ಗುರುಲಿಂಗಪ್ಪನೂ ಕಾಯುವವನಲ್ಲ. ಮನೆಯ ಮುಂದೆ ನಾಲ್ಕು ಜನ ಒಳ್ಳೆಯ ಮಾತಾಡಿದರೆ ಅವರು ಹೇಳಿದ್ದಕ್ಕೆಲ್ಲ ಹೂಂ ಎನ್ನುವ ಮನುಷ್ಯ ಅವನು. ಸಿದ್ದಲಿಂಗವ್ವ ಗುಂಡಿ ಒತ್ತಿ ಫೋನು ಕಿವಿಗೆ ಹಿಡಿದಳು. ಕತ್ತರಿಸಲಿಲ್ಲ.

ಶ್ರೀಶೈಲಪ್ಪ ಎದ್ದು ನಿಂತ. “ಅಕ್ಕಾರ, ಬಿಲ್ ಬರ್ತೈತ್ರಿ.”

ಆ ಕಡೆ ವಿದ್ಯಾವತಿ ಎತ್ತಿದಳು. ತಾಯಿ ಮಿಸ್ ಕಾಲ್ ಕೊಡದೆ ಬಾರಿಸುತ್ತಲೇ ಇದ್ದದ್ದಕ್ಕೆ ಅವಳೂ ಗಾಬರಿಯಾಗಿದ್ದಳು.

“ಅವ್ವಾ? ಆರಾಮ ಅದೀಯಿಲ್ಲೋ?”

“ನಾ ಆರಾಮ ಅದೀನಿ. ಸಾಲೋಟಗಿಯವರು ಏನಂದ್ರು?”

“ಒಪ್ಯಾರ. ಇವತ್ತು ಸಂಜಿ ನಮ್ಮ ಮಾತು ಕೇಳಾಕ ಬರ್ತಾರ.”

“ಒಪ್ಪಿದ್ರ ಒಂದು ಕೊಡಬೇಕಿತ್ತಲ್ಲ. ಮೂರು ಯಾಕ ಕೊಟ್ಟಿ?”

ವಿದ್ಯಾವತಿ ತುಸು ತಡೆದಳು. ಅಷ್ಟು ತಡೆದದ್ದಕ್ಕೂ ಬಿಲ್ಲು ಬೀಳುತ್ತದೆ, ಅದು ಇಬ್ಬರಿಗೂ ಗೊತ್ತಿತ್ತು.

“ಒಂದು ಅಂದ್ರೂ ಅವರ ಮಾತು, ಎರಡು ಅಂದ್ರೂ ಅವರ ಮಾತು. ನನ್ನ ಮಾತಿಗೆ ನೀ ಏನೂ ಇಟ್ಟಿದ್ದಿಲ್ಲ. ಅದಕ್ಕ ಮೂರು ಕೊಟ್ಟೆ.”

ಪಡಸಾಲೆಯ ಜನ ಸಿದ್ದಲಿಂಗವ್ವನ ಮುಖ ನೋಡುತ್ತಿದ್ದರು. ಬೈಗುಳ ಬರುತ್ತದೆ ಎಂದು ಅವರು ಕಾಯುತ್ತಿದ್ದರು. ಅವಳೂ ಅದಕ್ಕೇ ಬಾಯಿ ತೆರೆದಿದ್ದಳು. ಆದರೆ ಬೈಯಲು ಏನೂ ಸಿಗಲಿಲ್ಲ. ಹುಡುಗನ ಕಡೆಯವರಿಗೆ ಹೌದು ಇಟ್ಟಿದ್ದಳು, ಇಲ್ಲ ಇಟ್ಟಿದ್ದಳು, ಗಂಡನಿಗೆ ಅಪ್ಪಣೆ ಇಟ್ಟಿದ್ದಳು. ಮದುವೆಯಾಗುವವಳಿಗೆ ಏನೂ ಇಟ್ಟಿರಲಿಲ್ಲ. ಇದು ಅವಳಿಗೆ ತಿಳಿದದ್ದು ಈಗಲೇ, ಮತ್ತು ತಿಳಿದದ್ದಕ್ಕೆ ನಾಚಿಕೆಯಾಯಿತು.

“ಹುಡುಗ ಮನಸಿಗೆ ಬರಲಿಲ್ಲೇನು?” ದನಿ ತಾನಾಗಿ ಇಳಿದಿತ್ತು.

“ಹುಡುಗ ಚಲೋ ಅದಾನ. ಮದುವಿ ಆದಮ್ಯಾಗ ಸಾಲಿ ನೌಕರಿ ಬಿಡು ಅಂತಾರ. ಅಪ್ಪ ಹೂಂ ಅಂದಾನ. ನಾ ಒಲ್ಲೆ.”

“ಸಾಲಿ ಬಿಡಬೇಕ?” ಸಿದ್ದಲಿಂಗವ್ವನಿಗೆ ಈಗ ನಿಜವಾದ ಸಿಟ್ಟು ಬಂತು, ಸಿಟ್ಟಿಗೆ ಸರಿಯಾದ ವಿಳಾಸವೂ ಸಿಕ್ಕಿತು. “ಇಪ್ಪತ್ತು ವರ್ಷ ಆತು, ನಮ್ಮತ್ತಿ ಗಿರಣಿ ಬಿಡು ಅಂದಿದ್ದಳು. ಬಿಟ್ಟೇನೇನು? ನಿಮ್ಮಪ್ಪಗ ಹೇಳು. ಸಂಜಿಗೆ ಅವರು ಬಂದ್ರ ಚಾ ಕೊಡಲಿ. ಹುಡುಗಿ ಸಾಲಿ ಬಿಡೂದಿಲ್ಲ, ಹೂಂ ಅಂದ್ರ ಮುಂದಿನ ಮಾತು, ಇಲ್ಲಂದ್ರ ಬಸ್ಸಿನ ಹಾದಿ ತೋರಸಲಿ. ಅಂವಗ ಹೇಳಾಕ ಬರದಿದ್ರ ನೀನ ಹೇಳು.”

“ನಾನ?”

“ಸಾಲ್ಯಾಗ ಅಷ್ಟು ಹುಡುಗರಿಗೆ ಹೇಳ್ತಿ. ಇವರಿಗೆ ಹೇಳಾಕ ಏನಾಗೇತಿ?”

ವಿದ್ಯಾವತಿ ನಕ್ಕಳು. ಮೂಗು ಕಟ್ಟಿದ ನಗೆ. ಅತ್ತಿದ್ದಾಳೆ ಎಂದು ತಾಯಿಗೆ ತಿಳಿಯಿತು. ಯಾವಾಗಿನಿಂದ ಅಳುತ್ತಿದ್ದಾಳೋ, ಅದಕ್ಕೆ ಮಿಸ್ ಕಾಲ್ ಇರಲಿಲ್ಲ.

ಶ್ರೀಶೈಲಪ್ಪ ಎದುರಿಗೆ ಬಂದು ನಿಂತು, ಕೈಯಿಂದ ಕತ್ತರಿಸುವ ಸನ್ನೆ ಮಾಡಿದ. ಪಾಪ, ಅವನಿಗೆ ಹಿಂದಿನ ವರ್ಷದ ಎಮ್ಮೆ ಕಣ್ಣೆದುರು ಬಂದಿತ್ತು. ಸಿದ್ದಲಿಂಗವ್ವ ಅವನಿಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಹಾಕಿ ಕೂತಳು.

“ಇಡಲೇನವ್ವಾ?” ಎಂದಳು ವಿದ್ಯಾವತಿ. “ಬಿಲ್ ಭಾಳ ಆಗತೈತಿ.”

“ಇಡಬ್ಯಾಡ. ಮನ್ಯಾಗ ನನ್ನ ಎದರಿಗೆ ಇಷ್ಟು ವರ್ಷ ಪುಕಟ ಕೂತಿದ್ದಿ. ಆಗ ನಾ ಒಂದು ಮಾತು ಕೇಳಲಿಲ್ಲ. ಇನ್ನೂ ಏನೇನು ಹೇಳೂದಿತ್ತು, ಎಲ್ಲಾ ಹೇಳು.”

ವಿದ್ಯಾವತಿ ಹೇಳತೊಡಗಿದಳು.